ಹನ್ನೊಂದನೇ ಮನಿ

ಡೋಣಿ ದಾಟಿ ಗುಡ್ಡ ಏರೂವಾಗ
ಬ್ಯಾಟರಿ ನನ್ನ ಹೆಗಲಿಗೆ,
ಬಲ್ಬು ಅರ್ಕಸಾಲಿ ಮೇಡಂ ಉಡಿಯಾಗ,
ಎಳೆಗೂಸು ಹಿಡದಂಗ.
ಬಿಳೀ ಪರದೆ ಅಂದ್ರ ಬ್ಯಾರೆ ಏನಲ್ಲ,
ನಮ್ಮ ಕಳಕವ್ವನ ಹಾಸಿಗಿ ಚಾದರ,
ಒಂದು ಮೂಲಿಗೆ ಅರಿಶಿಣದ ಕಲಿ.

ಏಳೂವರಿಗೆ ಮೊದಲನೇ ಪತಂಗ.
ಒಂಬತ್ತಕ್ಕ ಚಾದರಾನ ಕಾಣಲಿಲ್ಲ.
ಒಂದು ತರಗೆಲಿಯಂಗ, ಒಂದು ಹಕ್ಕಿ ಹಿಕ್ಕಿಯಂಗ,
ಒಂದರ ರೆಕ್ಕಿ ತುದಿಗೆ ಎಲಡಿಕಿ ತಿಂದವರು
ಸುಣ್ಣದ ಬೆರಳು ಒರಸಿದಂಗ.
‘ಹೆಸರೇನ್ರಿ ಇದರದು?’
‘ನನಗೂ ಗೊತ್ತಿಲ್ಲೊ ಮಾರಾಯಾ’ ಅಂದ್ರು,
ಅಷ್ಟು ಓದಿದವರು, ಖುಷೀಲೆ.

ಅವರ ನಕಾಶೆ ನಮ್ಮ ಕಟ್ಟಿ ಮ್ಯಾಲಿನ ಚೌಕಾಬಾರ:
ಇಪ್ಪತ್ತೈದು ಮನಿ, ಒಳಗ ಕೆಂಪು ಚುಕ್ಕಿ.
ಟಾರ್ ರಸ್ತೆ ಇದ್ದಲ್ಲಿ ಚುಕ್ಕಿ ಗಿಜಿಗಿಜಿ,
ಐಬಿ ಇದ್ದಲ್ಲಿ ಇನ್ನೂ ಜಾಸ್ತಿ.
ಹನ್ನೊಂದನೇ ಮನಿ ಮಾತ್ರ ಬರಿದು.
‘ಏನೂ ಇಲ್ಲದ ಜಾಗಾ, ಗಾಳಿಕಂಬಕ್ಕ ಕೊಡ್ರಿ’
ಅಂದಿದ್ರಂತ ಮೀಟಿಂಗಿನ್ಯಾಗ ಯಾರೋ.
‘ಇಲ್ಲ ಅಂತ ಅಲ್ಲ, ಫಕ್ಕೀರೇಶ,
ಯಾರೂ ಹೋಗಿಲ್ಲ ಅಂತ ಅರ್ಥ.’

ಹೋದ್ವಿ. ಕಲ್ಲು, ಕರಡ, ಮೊಣಕಾಲುದ್ದದ ಬಾರಿಕಂಟಿ.
ರಾತ್ರಿ ಪೂರ್ತಿ ಕುಂತ್ರೂ ಹತ್ತೊಂಬತ್ತು ಜಾತಿ.
ನನಗ ಸಪ್ಪಗಾತು.
ಮೇಡಂ ಬೆಳತನಕ ವಹಿ ತಿರುವಿ ಹಾಕಿದ್ರು:
ಹತ್ತೊಂಬತ್ತರಾಗ ನಾಕು
ಉಳಿದ ಇಪ್ಪತ್ನಾಕು ಮನಿಯಾಗ
ಎಲ್ಲೂ ಕಂಡವಲ್ಲ.
‘ನಮ್ಮಪ್ಪ ಗುಂಜಿ ಇಟ್ಟು ತೂಗತಿದ್ದ,
ಚೀಲ ಇಟ್ಟಲ್ಲ’ ಅಂದು
ಆ ಮನಿಗೆ ಪೆನ್ಸಿಲ್ಲಿನ್ಯಾಗ ಕಾಟು ಎಳದ್ರು.
ಚೌಕಾಬಾರದಾಗ ಕಾಟಿನ ಮನಿಯೊಳಗ
ಕಾಯಿ ಕಡೀಲಿಕ್ಕೆ ಬರಂಗಿಲ್ಲ,
ಹುಡುಗೂರಿಗೂ ಗೊತ್ತು.

ಆಗ ನನಗ ಹೇಳದ ಗತಿ ಇರಲಿಲ್ಲ.
‘ಮೇಡಂ, ಬೆಂಕಿ ಪಟ್ಟಿ ಇದರ ನಟ್ಟನಡುವ ಹೊಕ್ಕೈತ್ರಿ.
ಹದಿನಾಕು ವರ್ಷ ಆತು,
ಶಿವರಾತ್ರಿ ಮುಂದ ಮುಂದ
ಈ ಕರಡ ಸುಡಾಂವ ನಾನ.’
ಕೋಶ ಮಣ್ಣಾಗ ಇರತಾವಂತ.
ಎಷ್ಟು ಆಳಕ್ಕ ಅಂತ ನಾ ಕೇಳಲಿಲ್ಲ.
ಅವರೂ ಬೈಲಿಲ್ಲ, ಫ್ಲಾಸ್ಕಿನ ಚಾ
ಮುಚ್ಚಳಕ್ಕ ಬಗ್ಗಿಸಿ ಕೊಟ್ರು.

ವರದಿ ಗದಗಿಗೆ ಹೋಗೇತಿ, ಅಲ್ಲಿಂದ ಮುಂದಕೂ.
ಯಾವ ಟೇಬಲ್ಲಿನ ಮ್ಯಾಲ ಐತೋ.

ಈ ಸಲ ಮಾಘದಾಗ
ಪಟ್ಟೀನ ಎರಡು ಫರ್ಲಾಂಗು ಆಚಿಗೆ ಸುತ್ತಿಸಿ ಹೊಡದೆ.
ಒಂದಿನ ಕೆಲಸ, ಮೂರು ದಿನ ಹಿಡೀತು.
ಸಾಹೇಬ್ರು ಕೇಳಿದ್ರ ಹೇಳಾಕ
ಒಂದು ಸುಳ್ಳೂ ಕಟಗೊಂಡಿದ್ದೆ.
ಕೇಳಲಿಲ್ಲ.

ಚಾದರ ವಾಪಸ್ ಕೊಟ್ಟೇನಿ.
ಕಳಕವ್ವ ಝಾಡಿಸಿದ್ಲು,
ಬಿಸಲಾಗ ಬೂದಿಯಂಥಾ ಪುಡಿ ಎದ್ದು
ಆಕಿ ಮೂಗುತಿ ಮ್ಯಾಲ ಕುಂತು
ಒಂದು ಗಳಿಗಿ ಮಿಂಚಿತು.
‘ಥೂ, ಏನಿದು’ ಅಂದ್ಲು.
ಹೆಸರು ಇನ್ನೂ ಇಟ್ಟಿಲ್ಲಂತ, ಅಂದೆ.