ಒಂದು ಅಕ್ಷರಕ್ಕೆ ಐದು ಅಂಕ

ಮೊದಲ ಸಾಲಿಗೆ ಇಪ್ಪತ್ತು. ತಲೆಬರಹಕ್ಕೆ ಹತ್ತು.
ಯಾರು, ಏನು, ಎಲ್ಲಿ, ಯಾವಾಗ: ಮೂವತ್ತು.
ಯಾರು ಹೇಳಿದರು ಎಂಬುದಕ್ಕೆ ಇನ್ನೊಂದು ಮೂವತ್ತು.
ಯಾಕೆ ಎಂಬುದಕ್ಕೆ, ಸಿಕ್ಕರೆ, ಹತ್ತು.
ಹೆಸರು ತಪ್ಪಿದರೆ ತಲಾ ಐದು ಕಳೆ.
ಸಮಾರ್ ದ್ವೀಪದ ಕಡಲಂಚಿನ ಹೈಸ್ಕೂಲಿನಲ್ಲಿ
ಒಂಬತ್ತನೆಯ ತರಗತಿಯ ಪತ್ರಿಕೋದ್ಯಮ
ಈ ಒಂದು ಹಾಳೆಯ ಮೇಲೆ ನಡೆಯುತ್ತದೆ,
ಅನ್ನದ ಅಗುಳು ಮೆತ್ತಿ ಗೋಡೆಗೆ ಅಂಟಿಸಿದ ಹಾಳೆ.

ಪೆರ್ಪೆತುವಾ ಮೇಡಂ ಜೂನಿನಲ್ಲಷ್ಟೇ ವರ್ಗವಾಗಿ ಬಂದವರು.
ಕೆಂಪು ಪೆನ್ನು ಮುಟ್ಟುವುದಿಲ್ಲ. ಕೆಂಪು ಕಂಡರೆ ಮಕ್ಕಳು
ಅಂಕ ನೋಡುತ್ತಾರೆ, ತಪ್ಪು ನೋಡುವುದಿಲ್ಲವಂತೆ.
ಹಸಿರಾದರೆ ಎರಡನ್ನೂ ನೋಡುವುದಿಲ್ಲ ಎಂದು
ಪಕ್ಕದ ಕೋಣೆಯ ಗಣಿತದ ಮೇಷ್ಟರ ನಗೆ.

ವಿಷಯ ನಿಮ್ಮಿಷ್ಟ ಎಂದಿದ್ದರು. ಊರಿಗೆ ಬೇರೆ ಸುದ್ದಿ ಇರಲಿಲ್ಲ.
ನಲವತ್ತೆರಡು ವರದಿ, ಎಲ್ಲದರಲ್ಲೂ
ಎದುರು ದ್ವೀಪದಿಂದ ಬರುತ್ತ ಮಗುಚಿದ ಪಂಪ್ ಬೋಟು.
ಒಬ್ಬಳು ಅಲೆಯನ್ನು ರಾಕ್ಷಸ ಎಂದಿದ್ದಾಳೆ. ಹೊಡೆದು ಹಾಕು.
ಒಬ್ಬ ಬರೆದಿದ್ದಾನೆ, ಊರಿಗೆ ಊರೇ ಅತ್ತಿತು.
ಅಂಚಿನಲ್ಲಿ ಹಸಿರು: ಎಷ್ಟು ಜನ? ಎಣಿಸಿದೆಯಾ?
ಇನ್ನೊಬ್ಬಳದು ಬರೀ ಮೀನಿನ ದರ.
ನಾಲ್ಕು ದಿನ ಯಾರೂ ಮೀನು ಕೊಳ್ಳಲಿಲ್ಲ
ಎಂದು ಬರೆದು ಅಲ್ಲಿಗೇ ಬಿಟ್ಟಿದ್ದಾಳೆ.
ಯಾಕೆ ಎಂಬುದಕ್ಕೆ ಪೂರ್ತಿ ಹತ್ತು ಕೊಟ್ಟು
ಮೇಡಂ ಸ್ವಲ್ಪ ಹೊತ್ತು ಪೆನ್ನು ಮುಚ್ಚಿಟ್ಟರು.

ಡೆಲ್ಮರ್ ಬಾಲ್ಡೆಸ್ಕೊನದು ಅಚ್ಚುಕಟ್ಟು.
ಗುಣವಾಚಕ ಒಂದೂ ಇಲ್ಲ. ಗಾಳಿಯ ದಿಕ್ಕಿದೆ,
ಹತ್ತಿದವರು ಇಪ್ಪತ್ತಾರು, ಲೈಫ್ ಜಾಕೆಟ್ ಹನ್ನೊಂದು,
ಕೊನೆಗೆ ಆರು ಹೆಸರು. ಐದನೆಯದು
ಬೆಂಜೊ ಪಾಕ್ಲೆ, ಹತ್ತೊಂಬತ್ತು.
ಚರ್ಚಿನ ತಿರುವಿನ ಬ್ಯಾನರಿನಲ್ಲಿ ಮೇಡಂ ಓದಿದ್ದರು: ಭೆಂಜೊ.
ನಮ್ಮಲ್ಲಾದರೆ ಅಕ್ಷರದ ಹೊಟ್ಟೆ ಸೀಳಿದರೆ ಮುಗಿಯಿತು,
ಅವರಲ್ಲಿ ಒಂದು ಎಚ್ ಬೇಕು.
ಆ ಹೆಸರಿಗೆ ಐದು ಕಳೆದುಕೊಂಡವರು ಹದಿನೆಂಟು ಜನ,
ಅವನೂ ಸೇರಿ.

ಗಂಟೆ ಹೊಡೆದ ಮೇಲೂ ನಿಂತಿದ್ದ.
'ಕೋಸ್ಟ್ ಗಾರ್ಡ್ ಪಟ್ಟಿಯಲ್ಲಿ ಹೀಗೇ ಇದೆ, ಮೇಡಂ.'
ಜೇಬಿನಿಂದ ನಾಲ್ಕು ಮಡಿಕೆಯ ಜೆರಾಕ್ಸ್.
'ಪಟ್ಟಿಯೇ ತಪ್ಪಿರಬಹುದಲ್ಲ?'
'ತಪ್ಪಿದೆ.'
'ಗೊತ್ತಿತ್ತಾ?'
'ಗೊತ್ತಿತ್ತು. ನನಗೆ ಗೊತ್ತು ಅನ್ನೋದು ಮೂಲ ಅಲ್ಲ ಅಂದಿರಿ.
ವರದಿಗಾರ ಸುದ್ದಿಯೊಳಗೆ ಕಾಲಿಡಬಾರದು ಅಂದಿರಿ.'
'ನಿನಗೆ ಹೇಗೆ ಗೊತ್ತು?'
'ಅಣ್ಣ.'
ಆಮೇಲೆ, ವಾಕ್ಯ ಪೂರ್ತಿ ಮಾಡಬೇಕೆಂದು ನೆನಪಾದವನಂತೆ,
'ಅಪ್ಪಂದಿರು ಬೇರೆ. ಅಮ್ಮ ಒಬ್ಬಳೇ.'

ಐದು ವಾಪಸು ಕೊಟ್ಟರೆ ಹೆಸರು ತಪ್ಪಾಗಿಯೇ ಉಳಿಯುತ್ತದೆ.
ಕೊಡದೆ ಹೋದರೆ
ಮೇಡಂ ಗೋಡೆಯ ಹಾಳೆ ನೋಡಿದರು. ಇರುವೆ ಸಾಲು
ಅನ್ನದ ಅಂಟಿಗೆ ಹತ್ತುತ್ತಿತ್ತು.
'ಇನ್ನೊಂದು ಮೂಲ ಹುಡುಕು. ಸೋಮವಾರದೊಳಗೆ.'
ದನಿ ಗಣಿತದ ಮೇಷ್ಟರದಿದ್ದ ಹಾಗಿತ್ತು.

ಭಾನುವಾರ, ಬಟ್ಟೆ ಹಿಂಡುತ್ತಿದ್ದ ತಾಯಿಯ ಮುಂದೆ
ನೋಟ್‌ಬುಕ್ ಬಿಚ್ಚಿ ನಿಂತ. ನಿಮ್ಮ ಪೂರ್ತಿ ಹೆಸರು?
'ತಲೆ ಕೆಟ್ಟಿದೆಯೇನೋ?'
ಪೂರ್ತಿ ಹೆಸರು. ಹೇಳಿದಳು.
ಮೃತನಿಗೆ ನೀವು ಏನಾಗಬೇಕು ಎಂಬ ಪ್ರಶ್ನೆಯನ್ನು
ಕಣ್ಣಲ್ಲೇ ದಾಟಿ ಮುಂದಿನದಕ್ಕೆ ಹೋದ.
ಹೆಸರು ಬಿಡಿಸಿ ಹೇಳಿ.
ಒದ್ದೆ ಕೈ ಒರೆಸಿಕೊಂಡು ಅವಳು ಒಂದೊಂದಾಗಿ,
ಬೀ. ಎಚ್.
'ಎಚ್ ಯಾಕೆ?' ಇದು ಅವನು ಬರೆದುಕೊಂಡು ಬಂದದ್ದಲ್ಲ.
'ಈ ಕೇರಿಯಲ್ಲೇ ಮೂವರು ಬೆಂಜೊ ಇದ್ದರು.
ಕೂಗಿದರೆ ಮೂವರೂ ಓಡಿ ಬರೋರು.
ಬರೆಯುವಾಗಲಾದರೂ ನನ್ನವನು ಬೇರೆ ಇರಲಿ ಅಂತ.'

ಸೋಮವಾರ ತರಗತಿಗೆ ತಿದ್ದುಪಡಿ ಓದಿದ, ಎರಡೇ ಸಾಲು.
ಮೂಲ: ಫ್ಲೊರಿತಾ ಬಾಲ್ಡೆಸ್ಕೊ, ತಾಯಿ.
ಮೇಡಂ ಅದರ ಕೆಳಗೆ ಹಸಿರಿನಲ್ಲಿ ಬರೆದರು,
ವಯಸ್ಸು ಬಿಟ್ಟಿದ್ದೀಯ.
ಉಳಿದ ಹದಿನೇಳು ಜನ ಬಗ್ಗಿ,
ಎರಡು ಅಕ್ಷರದ ನಡುವೆ ಜಾಗವಿಲ್ಲದೆ,
ಮೇಲೊಂದು ಪುಟ್ಟ ಬಾಣ ಹಾಕಿ ಎಚ್ ಅನ್ನು ತೂರಿಸಿದರು.
ಹಿಂದಿನ ಬೆಂಚಿನಿಂದ ಮೀನಿನ ದರದವಳು ಕೈ ಎತ್ತಿದಳು.
'ಮೇಡಂ, ಇವರ ಐದು ಅಂಕ ವಾಪಸ್ ಬರುತ್ತಾ?'

'ಇಲ್ಲ.'