ಸುಳ್ಳು ಹಲ್ಲು

ಲೆಸ್ಟರಿನ ನಾರ್ಬರೋ ರಸ್ತೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ.
ಉದ್ದದ ಪ್ಯಾಂಟಿಗೆ ಅಂಚು, ಹರಿದ ಜೇಬಿಗೆ ಒಳಬಟ್ಟೆ,
ಹೆಚ್ಚಾಗಿ ಝಿಪ್ಪು.
ಮಂಗಳವಾರ ಎಡಪಕ್ಕೆಯಲ್ಲಿ ಉರಿ.
ಬುಧವಾರ ಕನ್ನಡಿಯಲ್ಲಿ
ಬೆನ್ನಿನಿಂದ ಹೊರಟು ಹೊಟ್ಟೆಯ ಕಡೆ ಹರಿದ ಗುಳ್ಳೆಸಾಲು.

"ಸರ್ಪಸುತ್ತು!" ಫೋನಿನಲ್ಲಿ ಅಕ್ಕ. "ಕೆಮ್ಮಣ್ಣು ಹಚ್ಚೇ.
ತಲೆ ಬಾಲ ಕೂಡಿದರೆ ಮುಗೀತು."
ಕೆಮ್ಮಣ್ಣು ಎಲ್ಲಿಂದ ತರಲಿ?
ಇಲ್ಲಿ ಮಣ್ಣೂ ಪ್ಲಾಸ್ಟಿಕ್ ಚೀಲದಲ್ಲಿ,
ಕಪ್ಪಗೆ, ಟೊಮೆಟೊ ಬೆಳೆಯಲೆಂದು.

ಮೂಲೆಯ ಔಷಧಿ ಅಂಗಡಿಯ ಇಫೆಯೋಮಾ
ಅಂಗಿ ಎತ್ತಿಸಿ ನೋಡಿ ಗಂಟೆ ಎಣಿಸಿದಳು.
ಎಪ್ಪತ್ತೆರಡರೊಳಗೆ ಬಂದೆ, ಸದ್ಯ.
ಮಾತ್ರೆ ದಿನಕ್ಕೆ ಐದು, ಏಳು ದಿನ.
"ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಆಗಿತ್ತೆ?"
ಅಮ್ಮ ಬಂದಿದ್ದಳು, ಅಂದೆ, ಆರರಲ್ಲಿ. ಬೇವಿನ ಸೊಪ್ಪು, ಮೊಸರನ್ನ.
"ಹೋಗಿರಲಿಲ್ಲ. ನರದ ಬುಡದಲ್ಲಿ
ನಲವತ್ತೊಂಬತ್ತು ವರ್ಷ ಮಲಗಿದ್ದಳು."
ಅಲ್ಲ, ಎಡೆ ಇಟ್ಟು ಕಳಿಸಿಕೊಟ್ಟಿದ್ದೆವಲ್ಲ!

ಇದು ಅದನ್ನು ಕೊಲ್ಲುತ್ತದೆಯೇ?
ಇಲ್ಲವಂತೆ. ವೈರಸ್ಸು ತನ್ನ ನಕಲು ಹೆಣೆಯುತ್ತದೆ,
ಹಲ್ಲಿಗೆ ಹಲ್ಲು ಕೂಡಿಸುತ್ತ.
ಮಾತ್ರೆ ಅಲ್ಲಿ ನುಸುಳುವ ಒಂದು ಸುಳ್ಳು ಹಲ್ಲು:
ಈ ಕಡೆ ಸರಿಯಾಗಿ ಕೂರುತ್ತದೆ,
ಆ ಕಡೆ ಕೊಕ್ಕೆಯೇ ಇಲ್ಲ.
ಸಾಲು ಅಲ್ಲಿಗೆ ನಿಂತಿತು.
ಆ ಹಲ್ಲನ್ನು ಮಸೆದು ಹದ ಮಾಡಲು ಮೊದಲು ಕೈ ಹಾಕುವುದೂ
ವೈರಸ್ಸೇ. ತನ್ನ ಗುಂಡಿಗೆ ತಾನೇ ಗುದ್ದಲಿ.

(ಅವಳು ಹೇಳಿದ್ದು ಸರಪಳಿ ಅಂತ. ಝಿಪ್ಪು ನನ್ನ ಮಾತು.
ಮೂವತ್ತು ವರ್ಷ ಬಯ್ದುಕೊಂಡ ದೋಷಕ್ಕೇ
ಈಗ ಐದು ಹೊತ್ತು, ಲೋಟ ತುಂಬ ನೀರಿನ ನೈವೇದ್ಯ.)

ಮೂಗು ಸೋರಿಸುತ್ತ ಇವರು ಬಂದರು: ನನಗೂ ಎರಡು ಕೊಡು.
ನಿಮ್ಮ ನೆಗಡಿಗೆ ಇದರ ಭಾಷೆ ಬಾರದು, ಅಂದೆ,
ಹೋಗಿ ಕಷಾಯ ಕುಡೀರಿ.
ಪ್ಯಾಂಟಿನ ಅಳತೆಗೆ ನಿಂತಿದ್ದ ಡೆಲ್ರಾಯ್ ನನ್ನ ಡಬ್ಬಿ ನೋಡಿ ನಕ್ಕ:
"ನನ್ನದು ಎಚ್‌ಐವಿ. ಮೊದಲು ಮುಷ್ಟಿ ತುಂಬ,
ಈಗ ದಿನಕ್ಕೊಂದು, ಸಾಯುವ ತನಕ.
ಸೊಂಟ ಎರಡಿಂಚು ಬಿಡು, ದಪ್ಪಗಾಗಿದ್ದೇನೆ."

ಏಳನೇ ರಾತ್ರಿ ಕಡೆಯ ಮಾತ್ರೆ.
ಗುಳ್ಳೆ ಒಣಗಿ ಹಕ್ಕಳೆ.
ಹೊಕ್ಕುಳಿಗೆ ನಾಲ್ಕು ಬೆರಳು ಇರುವಂತೆ ನಿಂತಿದೆ ತಲೆ.
ಅಕ್ಕನಿಗೆ ಹೇಳಿದೆ, ಕೂಡಲಿಲ್ಲ.
ಅದು ನಡುಗೆರೆ ದಾಟುವುದೇ ಅಪರೂಪ
ಎಂದು ಇಫೆಯೋಮಾ ಅಂದದ್ದನ್ನು ಹೇಳಲಿಲ್ಲ.

ಉರಿ ಮಾತ್ರ ಇನ್ನೂ ಇದೆ,
ಒಳಗೆ ಗುಂಡುಸೂಜಿ ಮರೆತ ರವಿಕೆ ತೊಟ್ಟ ಹಾಗೆ.