ಸದ್ಯಕ್ಕೆ

ಕತ್ಬಲೋಗನ್ನಿನಲ್ಲಿ ಮಳೆ ಬಿಟ್ಟದ್ದು ಒಂದೇ ಗಳಿಗೆ.
ಒಳಗಿಂದ ಪೆರ್ಲಿತಾ ತಗಡಿನ ತೂತಿನಲ್ಲಿ
ಪೊರಕೆಕಡ್ಡಿ ತೂರಿಸುತ್ತಾಳೆ:
"ಕಂಡಿತಾ?"
ಮೇಲೆ, ಹೊಟ್ಟೆ ಹೊಸೆಯುತ್ತ ಕ್ರಿಸ್ಪುಲೊ:
"ಅಲ್ಲಾಡಿಸು."

ಅಲ್ಲಾಡುತ್ತದೆ,
ತುಕ್ಕಿನಲ್ಲಿ ಆಗತಾನೆ ಮೊಳೆತ ಹುಲ್ಲು.

ಮೊಳೆಯ ಬುಡಕ್ಕೆ ಹವಾಯಿ ಚಪ್ಪಲಿಯ ಚೂರು,
ಅದರ ಮೇಲೆ ಡಾಂಬರು, ಬೆರಳಲ್ಲೇ.
ದೊಡ್ಡ ಬಿರುಕಿಗೆ ಕಳೆದ ಚುನಾವಣೆಯ ಬ್ಯಾನರು.
ಸೋತವನದು.
ಗೆದ್ದವನದು ಆಗಲೇ ಹಂದಿಗೂಡಿನ ಮೇಲಿದೆ.
ಹಾರದಿರಲೆಂದು ನಾಲ್ಕು ಬೋಳು ಟೈರು ಹೇರಿ
ಇಳಿದುಬಂದ. "ಸದ್ಯಕ್ಕೆ ಸಾಕು."
ಹೋದ ವರ್ಷವೂ ಹೀಗೇ ಅಂದಿದ್ದ.

ರಾತ್ರಿ ಮತ್ತೆ ಹೊಯ್ಯಿತು.
ಮಲಗಿದವರ ನೆತ್ತಿಯ ನೇರಕ್ಕೆ
ಬಿರುಕಿನ ಸಂದಿಯಲ್ಲಿ ಅಭ್ಯರ್ಥಿಯ
ಒಂದು ಕಣ್ಣು, ಅರ್ಧ ನಗು.

"ಮುಖ ಆಕಾಶಕ್ಕೆ ಮಾಡಿ ಹಾಸಬಾರದಿತ್ತಾ?"

"ಪಾಪ, ನೆನೆಯುತ್ತಿದ್ದ."